ಸೋಜರಬಾಯಿಗೆ ನಾನು ಹೇಳಿದ ಸುಳ್ಳು

ನಿನ್ನೆ ಮಧ್ಯಾಹ್ನ ನನ್ನ ಮೊಮ್ಮಗಳು ತನ್ನ ಕೂಸಿಗೆಂದು ಹಾಲಿನ ಪುಡಿಯ ಹೊಸ ಡಬ್ಬಿ ತೆರೆದಳು. ನಾನು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದೆ. ಮುಚ್ಚಳ ತೆಗೆದದ್ದೇ ತಡ, ಆ ಸಪ್ಪೆ ಸಿಹಿಯ ವಾಸನೆ ಮೂಗಿಗೆ ಬಂತು. ಕೈಯಲ್ಲಿದ್ದ ಸೊಪ್ಪು ಕೈಯಲ್ಲೇ ಉಳಿಯಿತು. ಎಂಬತ್ತು ದಾಟಿದವರ ನೆನಪಿನ ಶಕ್ತಿ ಎಂಥದೆಂದು ನಿಮಗೆ ಗೊತ್ತಿರಬಹುದು. ಬೆಳಗ್ಗೆ ಮಾತ್ರೆ ನುಂಗಿದೆನೋ ಇಲ್ಲವೋ ಎಂಬುದು ನನಗೆ ಖಾತ್ರಿಯಿರುವುದಿಲ್ಲ. ಆದರೆ ಹಾಲಿನ ಪುಡಿಯ ವಾಸನೆ ಬಂದರೆ ಬೀದರಿನ ಕೋಟೆ ಗೋಡೆಯ ಹೊರಗಿದ್ದ ಆ ಅನಾಥಾಲಯ, ಅದರ ಅಂಗಳದ ಬೇವಿನ ಮರ, ಸಾಲಾಗಿ ಕೂತ ಇಪ್ಪತ್ತೆರಡು ಹೆಣ್ಣುಮಕ್ಕಳು, ಎಲ್ಲರ ಮೇಲ್ತುಟಿಯ ಮೇಲಿನ ಬಿಳಿ ಗೆರೆ, ಒಂದೂ ಬಿಡದೆ ಕಣ್ಣ ಮುಂದೆ ಬರುತ್ತವೆ.

ಆಗ ನನಗೆ ಹದಿನೆಂಟು. ನಮ್ಮ ತಂದೆಗೆ ಊರ ನಡುವಿನ ಚೌಬಾರ ಗೋಪುರದ ಹತ್ತಿರ ಬಟ್ಟೆ ಅಂಗಡಿ. ಬೀದರು ಹೈದರಾಬಾದು ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಲಿದೆ, ಇನ್ನು ಕಚೇರಿಯಲ್ಲೆಲ್ಲ ಕನ್ನಡವಂತೆ ಎಂದು ಊರೆಲ್ಲ ಮಾತು. ನನ್ನ ಪಾಡು ಹೇಗಿತ್ತೆಂದರೆ, ಮನೆಯಲ್ಲಿ ಆಡುವುದು ಕನ್ನಡ, ಮೊದಲ ಐದು ವರ್ಷ ಶಾಲೆಯಲ್ಲಿ ಬರೆದದ್ದು ಉರ್ದು. ಆಮೇಲೆ ಶಾಲೆ ಕನ್ನಡಕ್ಕೆ ತಿರುಗಿದಾಗ ನನ್ನ ಕೈ ಮಾತ್ರ ಬಲಗಡೆಯಿಂದಲೇ ಶುರು ಮಾಡಲು ನೋಡುತ್ತಿತ್ತು. ಇಂಥವಳನ್ನು ಅನಾಥಾಲಯದ ಹಿರಿಯ ಪಾದ್ರಿಯವರು ಮಕ್ಕಳಿಗೆ ಕನ್ನಡ ಕಲಿಸಲು ಕರೆದರು. ಊರಿನಲ್ಲಿ ಮೆಟ್ರಿಕ್ ಓದಿದ ಹುಡುಗಿಯರು ಅಷ್ಟು ಕಡಿಮೆಯಿದ್ದರು. ಒತ್ತಕ್ಷರಗಳನ್ನು ಹಿಂದಿನ ದಿನ ಮನೆಯಲ್ಲಿ ಕಲಿತು ಮರುದಿನ ಮಕ್ಕಳಿಗೆ ಹೇಳಿಕೊಡುತ್ತಿದ್ದೆ. ಮಕ್ಕಳಿಗಿಂತ ಒಂದೇ ಒಂದು ಪಾಠ ಮುಂದಿದ್ದ ಮೇಷ್ಟ್ರಮ್ಮ ನಾನು.

ಮನೆಯಲ್ಲಿ ಸುಲಭಕ್ಕೆ ಒಪ್ಪಲಿಲ್ಲ. ತಂದೆ ಮೂರನೆಯ ದಿನ, "ಪಾದ್ರಿಯವರ ಹತ್ರ ಇಂಗ್ಲಿಷ್ ಕಲೀತಿ ಕಲಿ. ದುಸರಾ ಏನೂ ಕಲಿಬ್ಯಾಡ" ಎಂದರು. ಅಜ್ಜಿಯಂತೂ ನಾನು ಹೊರಡುವಾಗ ನನ್ನ ಕೊರಳಿನ ಲಿಂಗದ ಕರಡಿಗೆಯನ್ನು ಮುಟ್ಟಿ ನೋಡಿ ಕಳಿಸುವಳು, ಬಂದ ಮೇಲೆ ಮತ್ತೊಮ್ಮೆ ಮುಟ್ಟಿ ನೋಡುವಳು.

ಆ ವರ್ಷ ಮಳೆಗಾಲದ ನಡುವೆ ರೂತ್ ಬಂದಳು. ನಾರ್ವೆ ದೇಶದಿಂದ ಸೇವೆ ಮಾಡಲೆಂದು ಐದು ಜನ ಯುವಕ ಯುವತಿಯರ ಗುಂಪು ಬಂದಿತ್ತು. ನಾಲ್ವರು ಬೇರೆ ಊರಿನ ಆಸ್ಪತ್ರೆಗಳಿಗೆ ಹೋದರು, ಇವಳೊಬ್ಬಳು ಆರು ತಿಂಗಳಿಗೆಂದು ನಮ್ಮಲ್ಲಿಗೆ ಬಂದಳು. ಇಪ್ಪತ್ತೆರಡರ ಹುಡುಗಿ. ಜೋಳದ ದಂಟಿನಂತೆ ಉದ್ದ, ಬಿಳಿ ಫ್ರಾಕು. ನಮ್ಮೂರ ಕೆಂಪು ಮಣ್ಣು ಆ ಫ್ರಾಕನ್ನು ಒಂದೇ ವಾರದಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗಿಸಿತು. ಅವಳಿಗೂ ಊರಿಗೂ ನಡುವೆ ಮಾತು ದಾಟಿಸುವ ಕೆಲಸ ನನ್ನ ಪಾಲಿಗೆ ಬಂತು. ಬಿಳಿಯರೆಂದರೆ ಎಲ್ಲರಿಗೂ ಇಂಗ್ಲಿಷ್ ನೀರು ಕುಡಿದಂತೆ ಎಂದು ನಾನು ಹೆದರಿದ್ದೆ. ನೋಡಿದರೆ ಅವಳ ಇಂಗ್ಲಿಷೂ ನನ್ನದರಂತೆಯೇ ಶಾಲೆಯ ಪುಸ್ತಕದ್ದು. ಇಬ್ಬರೂ ಒಂದೊಂದು ಶಬ್ದಕ್ಕೆ ತಡಕಾಡಿ, ಸಿಗದಿದ್ದರೆ ಕೈಸನ್ನೆಗೆ ಇಳಿಯುತ್ತಿದ್ದೆವು. ಅದರಿಂದಲೇ ನಮ್ಮ ಸ್ನೇಹ ಬೇಗ ಬೆಳೆಯಿತೆಂದು ತೋರುತ್ತದೆ.

ಪಾಪ, ಮೊದಲ ತಿಂಗಳು ಅವಳಿಗೆ ಅಲ್ಲಿ ಮಾಡಲು ಕೆಲಸವೇ ಇರಲಿಲ್ಲ. ಅನಾಥ ಮಕ್ಕಳಿಗೆ ಉಣಿಸಬೇಕು, ತಲೆ ಬಾಚಬೇಕು, ಕಣ್ಣೀರು ಒರೆಸಬೇಕು ಎಂದೆಲ್ಲ ಎಣಿಸಿ ಸಮುದ್ರ ದಾಟಿ ಬಂದವಳು. ನಮ್ಮ ಮಕ್ಕಳೋ ಅವಳು ಏಳುವ ಹೊತ್ತಿಗೆ ನೀರು ಸೇದಿ, ಅಂಗಳ ಗುಡಿಸಿ, ಒಬ್ಬರಿಗೊಬ್ಬರು ಜಡೆ ಹಾಕಿ ಮುಗಿಸಿರುತ್ತಿದ್ದರು. ಅಡುಗೆ ಮನೆ ಮೇಲ್ವಿಚಾರಕಿ ಕರುಣಮ್ಮನದು. ಆಕೆ ಹತ್ತಿರದ ಹಳ್ಳಿಯೊಂದರ ವಿಧವೆ, ಮಕ್ಕಳಿಗೆಲ್ಲ ತಾಯಿ, ಇಂಗ್ಲಿಷಿನ ಗಂಧವಿಲ್ಲ. ರೂತ್ ರೊಟ್ಟಿ ಬಡಿಯಲು ಕೂತರೆ, "ಆಕಿಗಿ ಎಬ್ಬಿಸ್ರಿ ತಂಗಿ. ಹಿಟ್ಟ ಹಾಳ ಮಾಡ್ಲತ್ತಾಳ" ಎಂದು ನನಗೆ ಹೇಳುವಳು. ನಾನು ಅದನ್ನು, "ನೀವು ದಣಿದಿದ್ದೀರಿ, ವಿಶ್ರಾಂತಿ ತೆಗೆದುಕೊಳ್ಳಬೇಕಂತೆ" ಎಂದು ದಾಟಿಸುವೆ. ಹೀಗೆ ಮಾತಿನ ಮೊನೆ ಉಜ್ಜಿ ನುಣ್ಣಗೆ ಮಾಡುವುದೇ ಭಾಷಾಂತರ ಎಂದು ನನ್ನ ಜಾಣತನದ ಬಗ್ಗೆ ನನಗೇ ಹೆಮ್ಮೆಯಿತ್ತು. ಆ ಹೆಮ್ಮೆ ನನ್ನನ್ನು ಎಲ್ಲಿಗೆ ಒಯ್ದಿತು ಎಂಬುದನ್ನು ಮುಂದೆ ಹೇಳುತ್ತೇನೆ.

ಅವಳ ಮಾನ ಉಳಿಸಿದ್ದು ಒಂದು ಎಮ್ಮೆ. ಯಾರೋ ಭಕ್ತರು ದಾನ ಕೊಟ್ಟ ಎಮ್ಮೆ ಅದು. ಕೊಟ್ಟದ್ದೇಕೆಂದು ಆಮೇಲೆ ತಿಳಿಯಿತು, ಕೆಚ್ಚಲಿಗೆ ಕೈ ಹಾಕಿದವರನ್ನೆಲ್ಲ ಒದೆಯುತ್ತಿತ್ತು. ಆದ್ದರಿಂದ ಮಕ್ಕಳಿಗೆ ಪರದೇಶದಿಂದ ಬಂದ ಪುಡಿ ಹಾಲೇ ಗತಿ. ರೂತ್‌ಗೆ ಆ ಪುಡಿಯ ವಾಸನೆ ಕಂಡರಾಗದು. ಒಂದು ಬೆಳಗ್ಗೆ ಪಾತ್ರೆ ಹಿಡಿದು ನೇರ ಕೊಟ್ಟಿಗೆಗೆ ನಡೆದಳು. ಕರುಣಮ್ಮ "ಯೇಸಪ್ಪಾ" ಎಂದು ಎದೆ ಮುಟ್ಟಿಕೊಂಡಳು. ರೂತ್ ಎಮ್ಮೆಯ ಕಿವಿಯ ಹತ್ತಿರ ತನ್ನ ಭಾಷೆಯಲ್ಲಿ ಏನೋ ಗುನುಗಿ, ಅದರ ಪಕ್ಕೆಗೆ ಹಣೆ ಒತ್ತಿ ಕೂತು, ನೊರೆನೊರೆಯಾಗಿ ಹಾಲು ಕರೆದಳು. ಅವಳ ಮನೆಯಲ್ಲಿ ಒಕ್ಕಲುತನವಂತೆ, ಆರನೆಯ ವರ್ಷದಿಂದ ಹಾಲು ಕರೆದವಳಂತೆ. ಅಂದಿನಿಂದ ಕರುಣಮ್ಮನ ಬಾಯಲ್ಲಿ ಅವಳು 'ಆಕಿ' ಹೋಗಿ 'ನಮ್ಮ ರೂತಮ್ಮ' ಆದಳು.

ಕನ್ನಡವನ್ನು ಅವಳು ಮಕ್ಕಳಿಂದ ಕಲಿತಳು. ಅದರಿಂದ ಒಂದು ಎಡವಟ್ಟಾಯಿತು. ಮಕ್ಕಳು ತಮ್ಮತಮ್ಮಲ್ಲಿ ಆಡುವ ಏಕವಚನವೇ ಅವಳ ನಾಲಿಗೆಗೆ ಹತ್ತಿತು. ಅರವತ್ತೈದರ ಪಾದ್ರಿಯವರಿಗೆ ಊಟದ ಹೊತ್ತಿನಲ್ಲಿ, "ಏ, ಜಲ್ದಿ ಬಾ, ಉಣ್ಣು" ಎಂದು ಕೂಗಿದಳು. ಪಾದ್ರಿಯವರು ನಗುತ್ತಲೇ ಬಂದು ಉಂಡರು. ನಾನು ಅವಳನ್ನು ಕೂರಿಸಿಕೊಂಡು, ನಮ್ಮ ಕಡೆ ಎಲ್ಲದರ ಕೊನೆಗೂ 'ರಿ' ಹಚ್ಚಬೇಕು ಎಂದು ಪಾಠ ಹೇಳಿದೆ. ಮರುದಿನ ಕೊಟ್ಟಿಗೆಯಿಂದ ಕೇಳಿಸಿತು: "ನಿಂದ್ರಿ ಎಮ್ಮಿರಿ, ಒದಿಬ್ಯಾಡ್ರಿ!"

ಒಂದು ಮಧ್ಯಾಹ್ನ ಬೇವಿನ ನೆರಳಲ್ಲಿ ಕೂತಿದ್ದಾಗ ನನ್ನ ಕೊರಳಿನ ಬೆಳ್ಳಿಯ ಕರಡಿಗೆ ತೋರಿಸಿ, ಒಳಗೇನಿದೆ ಎಂದು ಕೇಳಿದಳು. ತೆರೆದು ತೋರಿಸಿದೆ. ಮುಟ್ಟಲಿಲ್ಲ, ಕೈ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದಳು. ಆಮೇಲೆ ತನ್ನ ಕೊರಳಿನ ಸಣ್ಣ ಶಿಲುಬೆಯನ್ನು ಹೊರತೆಗೆದು ನನಗೆ ತೋರಿಸಿದಳು. ನಾನೂ ಕೈ ಹಿಂದೆ ಕಟ್ಟಿಕೊಂಡೇ ನೋಡಿದೆ. ಮತದ ವಿಷಯದಲ್ಲಿ ನಮ್ಮಿಬ್ಬರ ನಡುವೆ ನಡೆದದ್ದು ಅಷ್ಟೇ. ನನ್ನ ಅಜ್ಜಿಗೆ ಇದನ್ನು ಹೇಳಿದ್ದರೆ ಎಷ್ಟೋ ದಿನ ನೆಮ್ಮದಿಯಿಂದ ಇರುತ್ತಿದ್ದಳು. ಹೇಳಲು ಧೈರ್ಯ ಬರಲಿಲ್ಲ.

ಬೀದರು ಮೈಸೂರಿಗೆ ಸೇರಿದ ದಿನ ಮಕ್ಕಳಿಗೆ ಹುಗ್ಗಿ ಮಾಡಿಸಿದ್ದರು. ನಾನು ದೊಡ್ಡದಾಗಿ ಭಾಷಣ ಮಾಡಿದೆ, ಇವತ್ತಿನಿಂದ ನಾವೆಲ್ಲ ಮೈಸೂರಿನವರು ಎಂದು. ಮುಂದಿನ ಸಾಲಿನಲ್ಲಿ ಕೂತಿದ್ದ ಆರು ವರ್ಷದ ಕಾಶಿ ಎದ್ದು ನಿಂತು, "ಗಾಡಿ ಯಾವಾಗ ಹೊಂಡ್ತದ್ರಿ ಅಕ್ಕೋರೆ? ನಾ ನನ್ನ ಗಂಟು ಕಟ್ಕೊಂಡೀನಿ" ಎಂದಳು. ನಿಜಕ್ಕೂ ಅವಳ ಬಗಲಲ್ಲಿ ಬಟ್ಟೆಯ ಗಂಟಿತ್ತು. ಊರು ಎಲ್ಲಿಯೂ ಹೋಗುವುದಿಲ್ಲ, ರಾಜ್ಯದ ಹೆಸರು ಮಾತ್ರ ಬದಲಾಗುತ್ತದೆ ಎಂದು ವಿವರಿಸಿದೆ. ಅವಳಿಗೆ ಬಹಳ ನಿರಾಸೆಯಾಯಿತು. ಇದೆಂಥ ಹೋಗುವುದು ಎಂಬಂತೆ ನನ್ನನ್ನು ನೋಡಿ, ಗಂಟಿನ ಮೇಲೆಯೇ ಕೂತು ಹುಗ್ಗಿ ತಿಂದಳು.

ಈ ಕಾಶಿ ಔರಾದಿನ ಆಚೆ, ಮಹಾರಾಷ್ಟ್ರದ ಗಡಿಯ ಡಾಬಕಾದವಳು. ಒಂದೇ ವರ್ಷದಲ್ಲಿ ಜ್ವರಕ್ಕೆ ತಂದೆ ತಾಯಿ ಇಬ್ಬರೂ ಹೋದರು. ಉಳಿದವಳು ತಂದೆಯ ತಾಯಿ ಸೋಜರಬಾಯಿ. ಅವಳ ಎರಡೂ ಕಣ್ಣಿಗೆ ಪೊರೆ ಬಂದು ಒಲೆಯ ಬೆಂಕಿಯೂ ಕಾಣದಂತಾಗಿತ್ತು. ಮಗುವನ್ನು ನೋಡಿಕೊಳ್ಳಲಾಗದೆ, ತನ್ನ ತಮ್ಮನ ಕೈಯಲ್ಲಿ ಇಲ್ಲಿಗೆ ಕಳಿಸಿದ್ದಳು. ಆಮೇಲೆ ಒಂದೂವರೆ ವರ್ಷ ಆ ಕಡೆಯಿಂದ ಸುದ್ದಿಯಿರಲಿಲ್ಲ. ಕಾಶಿ ರೂತಳ ಫ್ರಾಕಿನ ಅಂಚು ಹಿಡಿದುಕೊಂಡೇ ತಿರುಗುವಳು. ಅವಳು ಹಾಲು ಕರೆಯುವಾಗ ಎಮ್ಮೆಯ ಬಾಲ ಹಿಡಿದುಕೊಂಡು ನಿಲ್ಲುವಳು, ಕಂಬಳಿಯಂಥ ಅವಳ ಕೋಟು ಹೊದ್ದುಕೊಂಡು ಕಾಗುಣಿತ ಹೇಳುವಳು.

ನವೆಂಬರ್ ಮುಗಿಯುವ ಹೊತ್ತಿಗೆ ರೂತ್ ನನ್ನೆದುರು ಒಂದು ಪತ್ರ ಬಿಚ್ಚಿದಳು. ಅವಳ ತಂದೆ ತಾಯಿಯದು. ಕಾಶಿಯನ್ನು ಕರೆದುಕೊಂಡು ಬಾ, ನಮ್ಮ ಮಗಳಾಗಿಯೇ ಬೆಳೆಯಲಿ ಎಂದು ಬರೆದಿದ್ದರು. ಪಾದ್ರಿಯವರು ತಿಂಗಳುಗಟ್ಟಲೆ ಯೋಚಿಸುವ ಮನುಷ್ಯ. ಅಜ್ಜಿ ಒಪ್ಪಿ ಹೆಬ್ಬೆಟ್ಟು ಒತ್ತಿದರೆ ಮಾತ್ರ ಮುಂದಿನ ಮಾತು ಎಂದು ಡಾಬಕಾಕ್ಕೆ ಹೇಳಿ ಕಳಿಸಿದರು. ನಾನಂತೂ ಕುಣಿದುಬಿಟ್ಟೆ. ಕಾಶಿ ಹಡಗು ಹತ್ತುತ್ತಾಳೆ, ಹಿಮ ನೋಡುತ್ತಾಳೆ! ಒಳಗೊಳಗೇ ಹೊಟ್ಟೆಕಿಚ್ಚೂ ಆಯಿತೆಂದು ಈಗ ಒಪ್ಪಿಕೊಳ್ಳಬಹುದು. ಭಾಲ್ಕಿಯಾಚೆ ಹೋಗದ ನಾನು, ನಾನಲ್ಲದಿದ್ದರೆ ನಾನು ಅಕ್ಷರ ತಿದ್ದಿಸಿದ ಹುಡುಗಿಯಾದರೂ ಹೋಗಲಿ ಎಂದುಕೊಂಡೆ.

ಡಿಸೆಂಬರಿನಲ್ಲಿ ಸೋಜರಬಾಯಿ ಬಂದಳು. ಕುರುಡಿಯನ್ನು ಯಾರಾದರೂ ಕೈಹಿಡಿದು ತರುತ್ತಾರೆಂದು ನಾವು ಕಾಯುತ್ತಿದ್ದರೆ, ಕಚ್ಚೆ ಸೀರೆಯ ಸಣಕಲು ಮುದುಕಿಯೊಬ್ಬಳು ತಾನೇ ಸರಸರನೆ ನಡೆದು ಬಂದಳು. ಮೂಗಿನ ಮೇಲೆ ದಪ್ಪ ಗಾಜಿನ ಕನ್ನಡಕ. ಎರಡು ತಿಂಗಳ ಹಿಂದೆ ಪೊರೆ ತೆಗೆಸಿಕೊಂಡಿದ್ದಳಂತೆ. ಕಾಶಿಯ ಗದ್ದ ಹಿಡಿದು ಮುಖ ಎತ್ತಿ ಬಹಳ ಹೊತ್ತು ನೋಡಿದಳು. "ಮೂಗು ನಮ್ಮ ಸೊಸಿದೇ. ನನಗ ಗೊತ್ತೇ ಇರಲಿಲ್ಲ ನೋಡ್ರಿ" ಎಂದಳು. ಕಾಶಿ ಮೊದಲು ಆ ಕನ್ನಡಕಕ್ಕೆ ಹೆದರಿ, ದನಿ ಕೇಳಿದ ಮೇಲೆ, "ಆಯಿ!" ಎಂದು ಮಡಿಲಿಗೆ ಬಿದ್ದಳು. ದೊಡ್ಡವರ ಮಾತು ಮಕ್ಕಳ ಮುಂದೆ ಬೇಡವೆಂದು ಕರುಣಮ್ಮ ಅವಳನ್ನು ಉಳಿದ ಮಕ್ಕಳ ಜೊತೆ ಹುಣಸೆಕಾಯಿ ಆರಿಸಲು ಕಳಿಸಿದಳು.

ಬೇವಿನ ಮರದ ಕೆಳಗೆ ಜಮಖಾನೆ ಹಾಸಿ ಕೂತೆವು. ಪಾದ್ರಿಯವರು ವಿಷಯವನ್ನೆಲ್ಲ ಹೇಳಿ, ಕಾಗದ ತರಲು ಒಳಗೆ ಹೋದರು. ಸೋಜರಬಾಯಿ ರೂತಳನ್ನು ಕನ್ನಡಕದೊಳಗಿಂದ ಅಳೆದು, ನನ್ನ ಕಡೆ ತಿರುಗಿದಳು.

"ಈಕಿ ಊರು ಎಷ್ಟ್ ದೂರ ಅದಾರಿ?"

ಕೇಳಿದೆ. ಹಡಗಿನಲ್ಲಿ ವಾರಗಟ್ಟಲೆ ಎಂದು ರೂತ್ ಹೇಳಿದಳು. ದಾಟಿಸಿದೆ.

"ಅಲ್ಲಿ ದನಾ ಅವಾ?"

"ಇಪ್ಪತ್ತು ಆಕಳು ಅವಂತ್ರಿ ಆಯಿ."

ಮುದುಕಿ ತಲೆದೂಗಿದಳು. ದನ ಇರುವ ಮನೆ ಎಂಬುದು ಅವಳ ಮನಸ್ಸಿಗೆ ಬಂದಂತಿತ್ತು. ಮತ್ತೆ ಕೇಳಿದಳು:

"ಪೋರಿಗಿ ಹೊಳ್ಳಿ ಯಾವಾಗ ಕರ್ಕೊಂಡ್ ಬರ್ತಾಳ, ಕೇಳ್ರಿ."

ಮಕ್ಕಳು ಹೋದ ದಾರಿಯತ್ತ ರೂತ್ ನೋಡಿದಳು. ಆಮೇಲೆ ತನ್ನ ಮುರುಕು ಇಂಗ್ಲಿಷಿನಲ್ಲಿ ಮೆಲ್ಲಗೆ, "ನನಗೆ ಗೊತ್ತಿಲ್ಲ. ಹತ್ತು ವರ್ಷ ಆಗಬಹುದು. ಬರಲು ಆಗದೆಯೂ ಹೋಗಬಹುದು. ಹಾಗೇ ಹೇಳು" ಎಂದಳು.

ನಾನು ಸೋಜರಬಾಯಿಯ ಕಡೆ ತಿರುಗಿ, "ವರ್ಷಾ ವರ್ಷಾ ಕರ್ಕೊಂಡ್ ಬರ್ತಾಳಂತ್ರಿ" ಎಂದೆ.

ಎಷ್ಟು ಸಲೀಸಾಗಿ ಬಂತು ಆ ಮಾತು! ರೊಟ್ಟಿಯ ಹಿಟ್ಟಿನ ಮಾತನ್ನು ನುಣ್ಣಗೆ ಮಾಡಿದ ಹಾಗೆಯೇ ಇದನ್ನೂ ಮಾಡಿದೆ. ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಎಂಬ ನಂಬಿಕೆ ಬೇರೆ. ಸೋಜರಬಾಯಿಯ ಮುಖ ಅರಳಿತು.

"ಹಂಗಾದ್ರ ಎಳ್ಳಮಾಸಿಗಿ ಕರ್ಕೊಂಡ್ ಬರ್ಲಿ. ವರ್ಷಕ್ಕೊಮ್ಮಿ ಹೊಲ್ದಾಗ ಕೂಡಿ ಕೂತು ಉಂಡ್ರ ಸಾಕ್ರಿ ನನಗ. ಹೋದ ವರ್ಷ ಹೊಲಾನೂ ಕಾಣಲಿಲ್ಲ, ಪೋರಿನೂ ಇರಲಿಲ್ಲ." ಎಡಗೈ ಹೆಬ್ಬೆರಳು ಮುಂದೆ ಚಾಚಿದಳು. "ಎಲ್ಲಿ ಒತ್ತಬೇಕು, ಹೇಳ್ರಿ."

ನಮ್ಮ ಬೀದರಿನ ಕಡೆಯವರಿಗೆ ಎಳ್ಳಮಾಸಿ ಎಂದರೇನೆಂದು ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗೆ ಹೇಳುತ್ತೇನೆ: ಎಳ್ಳು ಅಮಾವಾಸ್ಯೆಯ ದಿನ ಊರಿಗೆ ಊರೇ ಬಾಗಿಲು ಹಾಕಿಕೊಂಡು ಹೊಲಕ್ಕೆ ಹೋಗಿ ಉಣ್ಣುತ್ತದೆ. ಆ ದಿನ ಮನೆಯವರೊಬ್ಬರು ಕಡಿಮೆಯಾದರೂ ಉಂಡದ್ದು ಮೈಗೆ ಹತ್ತುವುದಿಲ್ಲ. ಮುಂದಿನ ವರ್ಷ ಈ ಮುದುಕಿ ಭಜ್ಜಿ, ಅಂಬಲಿ ಮಾಡಿಟ್ಟುಕೊಂಡು ಹೊಲದ ಬದುವಿನ ಮೇಲೆ ದಾರಿ ನೋಡುತ್ತಾ ಕೂತಿರುವುದು ನನ್ನ ಕಣ್ಣಿಗೆ ಕಟ್ಟಿತು. ಅದರ ಮುಂದಿನ ವರ್ಷವೂ ಕೂತಿರುತ್ತಾಳೆ. ಹೊಸದಾಗಿ ಬಂದ ಕಣ್ಣು ಅವಳಿಗೆ. ಪಾದ್ರಿಯವರು ಕಾಗದ, ಮಸಿಯ ಡಬ್ಬಿ ಹಿಡಿದು ಮೆಟ್ಟಿಲಿಳಿಯುತ್ತಿದ್ದರು.

"ತಡೀರಿ ಆಯಿ," ಎಂದೆ. "ನಾ ಸುಳ್ಳ ಹೇಳ್ದೆನ್ರಿ."

"ಏನು?"

"ಆಕಿ ಹಂಗ ಅನ್ನಲಿಲ್ರಿ. ಹತ್ತು ವರ್ಷ ಆಗಬಹುದು ಅಂದಳು. ಬರಲಾಕ ಆಗಲಾರ್ದನೂ ಇರಬಹುದು ಅಂದಳ್ರಿ."

ಸೋಜರಬಾಯಿ ಚಾಚಿದ ಹೆಬ್ಬೆರಳನ್ನು ಹಿಂದಕ್ಕೆಳೆದುಕೊಂಡು ಸೀರೆಗೆ ಒರೆಸಿದಳು. ಅದಕ್ಕೆ ಮಸಿ ಇನ್ನೂ ಹತ್ತಿರಲೇ ಇಲ್ಲ. ಅಲ್ಲಿಯವರೆಗೆ ನನಗೆ 'ರಿ' ಹಚ್ಚಿ ಮಾತಾಡುತ್ತಿದ್ದವಳು ಈಗ ಅದನ್ನು ಬಿಟ್ಟಳು.

"ಆಕಿ ಖರೇ ಹೇಳಿದ್ಳು. ನೀ ಸುಳ್ಳ ಹೇಳ್ದಿ. ಹೌದಿಲ್ಲ?"

"ಹೌದ್ರಿ."

ನನ್ನನ್ನು ಬೈಯಲಿಲ್ಲ. ರೂತಳ ಹತ್ತಿರ ಸರಿದು ಅವಳ ಎರಡೂ ಕೈ ಹಿಡಿದಳು. "ಈಗ ನಾ ಹೇಳೋದು ಬರೋಬರ್ ಹೇಳು ಆಕಿಗಿ. ಪೋರಿಗಿ ಕೊಡಲ್ಲ. ನನಗೀಗ ಕಣ್ಣು ಕಾಣ್ತಾವ, ರೊಟ್ಟಿ ಬಡೀತೇನಿ, ಜ್ವಾಪಾನ ಮಾಡ್ತೇನಿ. ಆದ್ರ ನೀ ಖರೇ ಮಾತಾಡ್ದಿ ಮಗಳೆ, ಎಳ್ಳಮಾಸಿಗಿ ನೀನೇ ನಮ್ಮ ಹೊಲಕ್ಕ ಬಾ."

ಒಂದು ಶಬ್ದವನ್ನೂ ನುಣ್ಣಗೆ ಮಾಡದೆ ದಾಟಿಸಿದೆ. ನನ್ನ ಸುಳ್ಳನ್ನೂ ಸೇರಿಸಿ ಹೇಳಿದೆ. ರೂತ್ ಎದ್ದು ಕೊಟ್ಟಿಗೆಗೆ ಹೋದಳು. ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ಅವಳೇ ಬಂದು ನನ್ನ ಪಕ್ಕದಲ್ಲಿ ಕೂತು ಹೇಳಿದಳು: "ನಿನ್ನ ಮೇಲೆ ಸಿಟ್ಟಿತ್ತು. ಆಮೇಲೆ ನನ್ನನ್ನೇ ಕೇಳಿಕೊಂಡೆ. ಊರಿಗೆ ಹೋದರೆ ಅಷ್ಟು ದೂರ ಹೋಗಿ ಏನು ಮಾಡಿ ಬಂದೆ ಎಂದು ಎಲ್ಲರೂ ಕೇಳುತ್ತಾರೆ. ಎಮ್ಮೆ ಕರೆದೆ ಎಂದು ಹೇಳಲು ನಾಚಿಕೆಯಾಗುತ್ತಿತ್ತು, ಅದಕ್ಕೇ ಕಾಶಿ ಬೇಕಾಗಿದ್ದಳೇನೋ. ಆದರೆ ನಾನು ಮಾಡಿದ್ದು ಅದೇ, ಅಲ್ಲವೇ?"

"ಇಪ್ಪತ್ತೆರಡು ಮಕ್ಕಳು ಹಾಲು ಕುಡಿದರು," ಎಂದೆ. ಅದಕ್ಕಿಂತ ಹೆಚ್ಚಿನ ಇಂಗ್ಲಿಷ್ ನನ್ನಲ್ಲಿರಲಿಲ್ಲ.

ಕಾಶಿಯನ್ನು ಮನೆ ಮುಟ್ಟಿಸುವ ನೆವದಲ್ಲಿ ಕರುಣಮ್ಮ, ರೂತ್, ನಾನು ಮೂವರೂ ಎಳ್ಳಮಾಸಿಗೆ ಹೊರಟೆವು. ಔರಾದಿನವರೆಗೆ ಬಸ್ಸು, ಅಲ್ಲಿಂದ ಸೋಜರಬಾಯಿಯ ತಮ್ಮನ ಬಂಡಿ. ದಾರಿಯ ಎರಡೂ ಕಡೆ ಎದೆಯುದ್ದ ಜೋಳ, ನಡುವೆ ಹಳದಿ ಕುಸುಬೆ. ಹೊಲದಲ್ಲಿ ಕಂಬಳಿ ಹಾಸಿ ಎಲ್ಲರನ್ನೂ ಕೂರಿಸಿದರು. ಹಸಿ ಕಡಲೆ, ತೊಗರಿ, ಸೊಪ್ಪು ಹಾಕಿ ಮಾಡಿದ ಭಜ್ಜಿ, ಸಜ್ಜೆ ರೊಟ್ಟಿ, ಮಡಕೆ ತುಂಬ ಅಂಬಲಿ. ರೂತ್ ಮೂರು ಬಟ್ಟಲು ಅಂಬಲಿ ಕುಡಿದು, ತುಟಿಯ ಮೇಲಿನ ಬಿಳಿ ಮೀಸೆ ಒರೆಸಿಕೊಂಡಳು. ಭೂಮಿತಾಯಿಗೆ ನೈವೇದ್ಯವೆಂದು ಬೆಳೆಗೆ ಅನ್ನದ ಚರಗ ಚೆಲ್ಲುವಾಗ ಕಾಶಿ ಮುಂದೆ ಓಡಿದಳು, ಆ ಉದ್ದನೆಯ ಹುಡುಗಿ ಅವಳ ಹಿಂದೆ ಓಡಿದಳು. ಸೋಜರಬಾಯಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡು ನೋಡಿದಳು. ನನಗೂ ಒಂದು ರೊಟ್ಟಿ ಹೆಚ್ಚಿಗೆ ಹಾಕಿ, "ಉಣ್ರಿ ಅಕ್ಕೋರೆ" ಎಂದಳು. 'ರಿ' ನನಗೆ ಮರಳಿ ಸಿಕ್ಕಿತು. ಆಮೇಲೆ ಎಷ್ಟೋ ಸಭೆಗಳಲ್ಲಿ ನನಗೆ ಶಾಲು ಹೊದಿಸಿದ್ದಾರೆ, ಆ ಹೊತ್ತಿನ ಹಿಗ್ಗು ಅವುಗಳಲ್ಲಿ ಬರಲಿಲ್ಲ.

ಜನವರಿಯಲ್ಲಿ ರೂತ್ ಹೋದಳು. ಬಹಳ ವರ್ಷ ಪತ್ರ ಬರೆದಳು. ಮದುವೆಯಾಯಿತು, ಮಕ್ಕಳಾದವು, ಆಕಳುಗಳು ನಲವತ್ತಾದವು. ಆಮೇಲೆ ಅವಳ ಮಗನಿಂದ ಒಂದು ಪತ್ರ ಬಂತು, ಅದೇ ಕೊನೆಯದು. ಕಾಶಿ ಔರಾದಿನಲ್ಲಿ ಓದಿ ಶಾಲೆಯ ಅಕ್ಕೋರಾದಳು. ಅವಳಿಗೆ ನೌಕರಿ ಸಿಕ್ಕ ದಿನ ಸೋಜರಬಾಯಿ ಬದುಕಿದ್ದಳು. ಸಾಯಗಾಂವದ ಒಕ್ಕಲು ಮನೆಗೆ ಸೊಸೆಯಾಗಿ ಹೋದ ಕಾಶಿ, ನಿವೃತ್ತಿಯಾದ ಮೇಲೆ ಈಗ ಭಾಲ್ಕಿಯಲ್ಲಿ ಮಗನ ಜೊತೆ ಇದ್ದಾಳೆ. ತಿಂಗಳಿಗೊಮ್ಮೆ ಫೋನು ಮಾಡುತ್ತಾಳೆ.

ಇಷ್ಟನ್ನೂ ನಿನ್ನೆ ನೆನೆಯುತ್ತಾ ಕೂತಾಗ ಒಂದು ವಿಷಯ ಚುಚ್ಚಿತು. ಇಷ್ಟು ವರ್ಷ ನಾನು ಈ ಕಥೆಯನ್ನು ಎಷ್ಟೋ ಜನರಿಗೆ ಹೇಳಿದ್ದೇನೆ, ಪ್ರತಿ ಸಲವೂ ಕೊನೆಗೆ ನಿಜ ಹೇಳಿದ ಹುಡುಗಿ ನಾನು. ಆದರೆ ಆ ದಿನ ಪಾದ್ರಿ, ಕರುಣಮ್ಮ, ರೂತ್, ಸೋಜರಬಾಯಿ, ನಾನು, ಇಷ್ಟು ಜನ ಕೂತು ಮಾತಾಡಿದೆವಲ್ಲ, ಯಾರ ಬಗ್ಗೆ ಮಾತಾಡುತ್ತಿದ್ದೆವೋ ಅವಳು ಹುಣಸೆಕಾಯಿ ಆರಿಸುತ್ತಿದ್ದಳು. ಅವಳಿಗೇನು ಬೇಕೆಂದು ಆಗಲೂ ಯಾರೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ಸಂಜೆ ನಾನೇ ಫೋನು ಮಾಡಿದೆ.

"ಕಾಶಿ, ರೂತಮ್ಮ ನಿನಗ ಕರ್ಕೊಂಡ್ ಹೋಗ್ತೀನಿ ಅಂದಿದ್ದಳಲ್ಲ, ಆಗ ನಿನಗ ಕೇಳಿದ್ರ ಏನ್ ಅಂತಿದ್ದಿ?"

"ಹೋಗ್ತಿದ್ದೆನ್ರಿ ಅಕ್ಕೋರೆ!" ಅವಳು ಒಂದು ಕ್ಷಣವೂ ಯೋಚಿಸಲಿಲ್ಲ. "ಹಡಗ ಅಂದ್ರ ಬಿಡ್ತಿದ್ದೆನೇನ್ರಿ? ಆಯಿ ಕಡಿ ಹೊಳ್ಳಿನೂ ನೋಡ್ತಿರಲಿಲ್ಲ."

ಆ ಕಡೆಯಿಂದ ನಗು ಕೇಳಿಸಿತು.

"ಹತ್ತೋದು ಹತ್ತಿಬಿಡ್ತಿದ್ದೆನ್ರಿ. ನಾಕ್ ದಿನ ಆದ ಮ್ಯಾಲ ಆಯಿ ಬೇಕು ಅಂತ ಅತ್ತಿದ್ರ, ಸಮುದ್ರದ ನಡುವ ನನಗ ಯಾರ್ ಇಳಸ್ತಿದ್ರಿ?" ಆಮೇಲೆ ದನಿ ತಗ್ಗಿಸಿ ಹೇಳಿದಳು, "ಆದ್ರ ಕೇಳಬೇಕಿತ್ರಿ ಅಕ್ಕೋರೆ. ಬ್ಯಾಡ ಅಂತ ಹೇಳೋದಿದ್ರೂ, ಕೇಳಿ ಹೇಳಬೇಕಿತ್ತು."

"ಹೌದವ್ವಾ," ಎಂದೆ.

"ಇಬ್ರೂ ಕೂತು ಮಾತಾಡೂಣ್ರಿ. ನಾಳಿ ಬರ್ರಿ ಭಾಲ್ಕಿಗಿ."

ಫೋನು ಇಟ್ಟು ಒಳಗೆ ಬಂದೆ. ಈ ಮನೆಯಲ್ಲಿ ಯಾರು ಯಾವಾಗ ಎಲ್ಲಿಗೆ ಹೋಗಬೇಕೆಂದು ಇಷ್ಟು ವರ್ಷ ನಾನೇ ಹೇಳುತ್ತಾ ಬಂದವಳು. ಮೊಮ್ಮಗಳು ಕೂಸನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟುತ್ತಿದ್ದಳು. ನಾಳೆ ಬೆಳಗ್ಗೆ ಭಾಲ್ಕಿಗೆ ಹೋಗೋದದ, ತಯಾರಾಗು ಎಂಬ ಮಾತು ತುಟಿಯವರೆಗೆ ಬಂದಿತ್ತು. ನುಂಗಿಕೊಂಡು, "ನಾಳಿ ನನ್ನ ಜೋಡಿ ಭಾಲ್ಕಿಗಿ ಬರ್ತಿ ಏನವ್ವಾ?" ಎಂದು ಕೇಳಿದೆ.

ಅವಳು ಆಶ್ಚರ್ಯದಿಂದ ನನ್ನ ಮುಖ ನೋಡಿದಳು. ನಾನು ಅವಳೆದುರು ಕೂತು, ಅವಳು ಏನು ಹೇಳುತ್ತಾಳೋ ಎಂದು ಕಾದೆ.